ಹಸಿರು ಗುಳ್ಳದ ಬೀಜ ಹಾಕಿದರೆ ನೇರಳೆ ಬದನೆ ಬಂತು. ಈ ಬಣ್ಣ ಎಲ್ಲಿಂದ?

ಕುಂದಾಪುರ_ಕೈತೋಟ
ಬದನೆ ಬೆಳೆಯುವವರು, ತಳಿಯ ವಿಷಯ ಗೊತ್ತಿದ್ದವರು ದಯವಿಟ್ಟು ನೋಡಿ. ಮಟ್ಟು ಗುಳ್ಳ (ಉಡುಪಿ ಹತ್ತಿರದ ಮಟ್ಟು ಊರಿನ ದುಂಡು ಬದನೆ ತಳಿ), ಮನೆಯಲ್ಲೇ ತೆಗೆದ ಬೀಜ, ಒಟ್ಟು 60 ಗಿಡ. 53 ಗಿಡದಲ್ಲಿ ಸರಿಯಾದ ಗುಳ್ಳವೇ ಬಂದಿದೆ: ದುಂಡಗೆ, ತಿಳಿ ಹಸಿರು, ಮೇಲೆ ಬಿಳಿ ಗೀರು. ಉಳಿದ 7 ಗಿಡದಲ್ಲಿ ನೇರಳೆ ಕಾಯಿ. ನೇರಳೆ ಎಂದರೆ ಸುಮಾರಾದ ನೇರಳೆ ಅಲ್ಲ, ಹೆಚ್ಚುಕಡಿಮೆ ಕಪ್ಪು. ಆಕಾರ ಗುಳ್ಳಕ್ಕಿಂತ ಉದ್ದ, ತೊಟ್ಟಿನಲ್ಲಿ ಮುಳ್ಳಿದೆ. ಏಳೂ ಗಿಡದ್ದು ಒಂದೇ ನಮೂನೆ.

ಹೋದ ವರ್ಷ 30 ಮೀಟರ್ ಆಚೆ ಉದ್ದ ಬದನೆ ಇತ್ತು ನಿಜ, ಆದರೆ ಅದು ತಿಳಿ ನೇರಳೆ, ಮುಳ್ಳಿಲ್ಲದ್ದು. ತಿಳಿ ನೇರಳೆಯೂ ತಿಳಿ ಹಸಿರೂ ಸೇರಿದರೆ ಕಪ್ಪು ಬರಲು ಸಾಧ್ಯವೇ ಇಲ್ಲ, ಅಂಗಡಿಯ ಯಾವುದೋ ಬೀಜ ಸೇರಿಕೊಂಡಿದೆ ಅಂತ ಇಲ್ಲಿಯವರ ವಾದ.

ಮೂರು ಪ್ರಶ್ನೆ. ಬಣ್ಣ ಬಂದದ್ದು ಎಲ್ಲಿಂದ? ಈ 7 ಗಿಡದ ಪರಾಗ ಬಿದ್ದರೆ ಪಕ್ಕದ ಹಸಿರು ಕಾಯಿಯ ಬಣ್ಣವೂ ಕೆಡುತ್ತದಾ? ಹಸಿರು ಗಿಡದ ಬೀಜ ಇಟ್ಟುಕೊಳ್ಳಬಹುದಾ?

ರಘು_ಹಿತ್ತಲು
ಮಣ್ಣು ಸ್ವಾಮಿ, ಮಣ್ಣು. ಮಟ್ಟುವಿನ ಮಣ್ಣು ಬಿಟ್ಟರೆ ಗುಳ್ಳ ಗುಳ್ಳವಾಗಿ ಉಳಿಯುವುದಿಲ್ಲ. ಸುಮ್ಮನೆ ಭೌಗೋಳಿಕ ಗುರುತು ಕೊಟ್ಟಿದ್ದಾರಾ 2011ರಲ್ಲಿ?

ಬೀಜಬುಟ್ಟಿ
ರಘು ಅವರೇ, ಮಣ್ಣಿನದ್ದೇ ಕಾರಣ ಆಗಿದ್ದರೆ 60 ಗಿಡವೂ ಬದಲಾಗಬೇಕಿತ್ತು. ಒಂದೇ ಮಡಿಯಲ್ಲಿ 53 ಹಸಿರು, 7 ಕಪ್ಪು ಬಂದದ್ದು ಮಣ್ಣಿನಿಂದ ಆಗುವ ಕೆಲಸವಲ್ಲ. ಮಣ್ಣು, ನೀರು, ಬಿಸಿಲಿನಿಂದ ಬಣ್ಣದ ಗಾಢತೆ ಹೆಚ್ಚುಕಡಿಮೆ ಆಗಬಹುದು, ರುಚಿ ಬದಲಾಗಬಹುದು, ಸಿಪ್ಪೆ ದಪ್ಪ ಆಗಬಹುದು. ನೇರಳೆ ಬಣ್ಣ ಮಾಡುವ ಶಕ್ತಿಯೇ ಇಲ್ಲದ ಗಿಡಕ್ಕೆ ಯಾವ ಮಣ್ಣೂ ನೇರಳೆ ಕೊಡಲಾರದು.

ತಳಿ_ಪಾಠ
ಕುಂದಾಪುರದವರೇ, ನಿಮ್ಮಲ್ಲಿಯವರು ಯಾವುದನ್ನು ಸಾಧ್ಯವಿಲ್ಲ ಎನ್ನುತ್ತಿದ್ದಾರೋ ಅದೇ ಆಗಿರುವುದು. ತಿಳಿ ನೇರಳೆ ಮತ್ತು ತಿಳಿ ಹಸಿರು ಕೂಡಿದ್ದರಿಂದಲೇ ಕಪ್ಪು ಬಂದಿದೆ.

ಬದನೆಯ ಸಿಪ್ಪೆಯಲ್ಲಿ ಬಣ್ಣ ಎರಡು ಪದರವಾಗಿ ಕೂತಿರುತ್ತದೆ. ಮೇಲಿನ ಪದರದ ಕೋಶಗಳ ರಸದಲ್ಲಿ ಕರಗಿರುವುದು ಆಂಥೋಸಯನಿನ್, ಅದು ನೇರಳೆ. ಅದರ ಕೆಳಗಿನ ಕೋಶಗಳಲ್ಲಿ ಪತ್ರಹರಿತ್ತು, ಅದು ಹಸಿರು. ಎರಡಕ್ಕೂ ಬೇರೆ ಬೇರೆ ಜೀನುಗಳು, ಒಂದಕ್ಕೊಂದು ಸಂಬಂಧವಿಲ್ಲದೆ ಮಕ್ಕಳಿಗೆ ಹೋಗುತ್ತವೆ. ಹಾಗಾಗಿ ನಾಲ್ಕು ಬಣ್ಣ:

ನೇರಳೆ ಇದೆ, ಅಡಿಯಲ್ಲಿ ಹಸಿರೂ ಇದೆ: ಕಡು ನೇರಳೆ, ಕಪ್ಪು.
ನೇರಳೆ ಇದೆ, ಹಸಿರಿಲ್ಲ: ತಿಳಿ ನೇರಳೆ, ಗುಲಾಬಿ ಛಾಯೆಯದ್ದು.
ನೇರಳೆ ಇಲ್ಲ, ಹಸಿರು ಇದೆ: ಹಸಿರು.
ಎರಡೂ ಇಲ್ಲ: ಬಿಳಿ.

ಪಕ್ಕದ ಉದ್ದ ಬದನೆಯಲ್ಲಿ ನೇರಳೆ ಇತ್ತು, ಅಡಿಯ ಹಸಿರಿರಲಿಲ್ಲ. ನಿಮ್ಮ ಗುಳ್ಳದಲ್ಲಿ ಹಸಿರಿತ್ತು, ನೇರಳೆ ಇರಲಿಲ್ಲ. ಮಗುವಿಗೆ ಅಪ್ಪನಿಂದ ನೇರಳೆ, ಅಮ್ಮನಿಂದ ಹಸಿರು ಸಿಕ್ಕಿತು. ಎರಡೂ ಪ್ರಬಲ ಗುಣಗಳಾದ್ದರಿಂದ, ಅಂದರೆ ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಂದ ಬಂದರೂ ಕಾಣಿಸುವ ಗುಣಗಳಾದ್ದರಿಂದ, ಎರಡೂ ಕಾಣಿಸಿಕೊಂಡವು. ಹಸಿರಿನ ಮೇಲೆ ನೇರಳೆ ಹರಡಿದರೆ ಕಣ್ಣಿಗೆ ಕಪ್ಪು.

ಧಾರವಾಡ_ಮಡಿ
ಭಾರೀ ಚಲೋ ಹೇಳಿದ್ರಿ ಸರ್. ಇದನ್ನ ಮನ್ಯಾಗ ನೋಡಬೇಕಂದ್ರ ಸುಲಭ ಐತ್ರಿ. ಕಪ್ಪು ಬದನಿಕಾಯಿಯ ಸಿಪ್ಪಿ ತೆಳ್ಳಗ ಹೆರದು ತಗೀರಿ, ತಿರುಳು ಹತ್ತಬಾರದು. ಕುದಿಯೋ ನೀರಾಗ ಎರಡು ನಿಮಿಷ ಹಾಕ್ರಿ. ನೇರಳೆ ನೀರಿಗೆ ಬಿಡ್ತದ, ಸಿಪ್ಪಿ ಹಸಿರು ಕಾಣ್ತದ. ತಿಳಿ ನೇರಳೆ ಕಾಯಿದು ಹಿಂಗ ಮಾಡಿದ್ರ ಮಬ್ಬು ಬಿಳಿ ಉಳೀತದ. ನೀರಿಗೆ ಹುಣಸಿಹುಳಿ, ನಿಂಬಿ ಏನೂ ಹಾಕಬ್ಯಾಡ್ರಿ. ಹುಳಿಯಾಗ ಪತ್ರಹರಿತ್ತು ಕಂದು ಹಸಿರಾಗಿ ಕೆಡ್ತದ, ಆಮ್ಯಾಲೆ ಏನಿತ್ತು ಏನಿಲ್ಲ ಒಂದೂ ತಿಳಿಯಂಗಿಲ್ಲ.

ಕುಂದಾಪುರ_ಕೈತೋಟ
ಓಹ್. ಹಾಗಾದರೆ ಅಪ್ಪನಿಗಿಂತ ಮಗು ಕಪ್ಪಾದದ್ದಕ್ಕೆ ಕಾರಣ ಅಮ್ಮನ ಹಸಿರು! ಮತ್ತೆ ಮುಳ್ಳು?

ತಳಿ_ಪಾಠ
ಮುಳ್ಳೂ ಪ್ರಬಲ ಗುಣವೇ. ಗುಳ್ಳದಿಂದ ಬಂದಿದೆ. ಬದನೆ ಜಾತಿಯಲ್ಲಿ ಮುಳ್ಳಿಗೆ ಕಾರಣವಾದ ಜೀನನ್ನು 2024ರಲ್ಲಿ ಗುರುತಿಸಿದರು, ಸೈಟೋಕೈನಿನ್ ಹಾರ್ಮೋನಿನ ತಯಾರಿಯ ಕೊನೆ ಹಂತದ್ದು. ಅದು ಕೆಟ್ಟರೆ ಮುಳ್ಳಿಲ್ಲದ ಗಿಡ. ಒಂದು ಒಳ್ಳೆಯ ಪ್ರತಿ ಸಾಕು, ಮುಳ್ಳು ಬರುತ್ತದೆ.

ಅಂಗಡಿಯ ಬೀಜ ಸೇರಿಕೊಂಡಿತ್ತು ಎನ್ನುವ ವಾದವೂ ಇಲ್ಲಿಗೆ ಬಿದ್ದುಹೋಯಿತು. ಬೀಜ ಬೆರೆತಿದ್ದರೆ ಆ 7 ಗಿಡದ ಕಾಯಿ ಯಾವುದೋ ಒಂದು ತಳಿಯ ತದ್ರೂಪ ಇರಬೇಕಿತ್ತು. ಗುಳ್ಳಕ್ಕಿಂತ ಉದ್ದ, ಉದ್ದ ಬದನೆಗಿಂತ ದುಂಡಗೆ, ಜೊತೆಗೆ ಗುಳ್ಳದ ಮುಳ್ಳು ಅಂದರೆ ಅದು ಎರಡರ ನಡುವಿನ ಮಿಶ್ರ.

ಬೀಜಬುಟ್ಟಿ
ಲೆಕ್ಕವೂ ಅದನ್ನೇ ಹೇಳುತ್ತದೆ. 60ಕ್ಕೆ 7 ಅಂದರೆ ನೂರಕ್ಕೆ ಸುಮಾರು 12. ತಾಯಿ ಗಿಡವೇ ಮಿಶ್ರ ಆಗಿದ್ದರೆ ಮಕ್ಕಳಲ್ಲಿ ಮುಕ್ಕಾಲು ಪಾಲು ನೇರಳೆ ಬರಬೇಕಿತ್ತು, 60ಕ್ಕೆ 45. ಹತ್ತಿಪ್ಪತ್ತು ಪಾಲು ಮಾತ್ರ ಬಣ್ಣ ಬಂದರೆ ಅದು ದುಂಬಿ ತಂದ ಪರಾಗ. ಬದನೆ ತನ್ನ ಪರಾಗದಿಂದಲೇ ಕಾಯಿ ಕಟ್ಟುವ ಗಿಡ ಅಂತ ಪುಸ್ತಕದಲ್ಲಿ ಓದಿ ಎಷ್ಟೋ ಜನ ಧೈರ್ಯವಾಗಿ ಎರಡು ತಳಿ ಅಕ್ಕಪಕ್ಕ ಹಾಕುತ್ತಾರೆ. ಪೂರ್ತಿ ನಿಜವಲ್ಲ ಅದು. ಶಲಾಕೆ (ಹೂವಿನ ನಡುವಿನ ಹೆಣ್ಣು ಭಾಗದ ಕಡ್ಡಿ) ಪರಾಗಕೋಶಗಳ ಕೊಳವೆಯಿಂದ ಹೊರಗೆ ಚಾಚಿರುತ್ತದೆ, ಪರಾಗ ಉದುರುವುದು ಕೋಶದ ತುದಿಯ ಸಣ್ಣ ತೂತಿನಿಂದ. ಭ್ರಮರ ಮತ್ತು ನೀಲಿ ಪಟ್ಟೆಯ ಒಂಟಿ ಜೇನು ಬಂದು ಹೂವು ಹಿಡಿದು ಗುಂಯ್‌ಗುಟ್ಟಿದರೆ ಪರಾಗ ಹಿಟ್ಟಿನ ಹಾಗೆ ಸುರಿಯುತ್ತದೆ. ಅದೇ ಮೈಯಲ್ಲಿ ಪಕ್ಕದ ಮಡಿಗೆ ಹೋಗುತ್ತವೆ.

ಅದಕ್ಕೇ ಬೀಜ ಪ್ರಮಾಣೀಕರಣದಲ್ಲಿ ಬದನೆಗೆ ಮೂಲ ಬೀಜಕ್ಕೆ 200 ಮೀಟರ್, ಪ್ರಮಾಣಿತ ಬೀಜಕ್ಕೆ 100 ಮೀಟರ್ ಅಂತರ ಇಟ್ಟಿದ್ದಾರೆ. ಟೊಮೆಟೊಗೆ 50 ಮತ್ತು 25 ಸಾಕು. 30 ಮೀಟರ್ ಏನಕ್ಕೂ ಸಾಲದು.

ಹೊಸಬ_ಶಿರಸಿ
ಎರಡನೇ ಪ್ರಶ್ನೆಗೆ ಯಾರೂ ಉತ್ತರ ಹೇಳಲಿಲ್ಲ. ಈಗ ನೇರಳೆ ಪರಾಗ ಬಿದ್ದರೆ ಈಗಿನ ಹಸಿರು ಕಾಯಿ ನೇರಳೆ ಆಗ್ತದಾ? ಮುಸುಕಿನ ಜೋಳದಲ್ಲಿ ಆಗ್ತದಲ್ಲ.

ತಳಿ_ಪಾಠ
ಆಗುವುದಿಲ್ಲ. ಕಾಯಿಯ ಸಿಪ್ಪೆ, ತಿರುಳು ಎಲ್ಲಾ ತಾಯಿ ಗಿಡದ ಅಂಡಾಶಯದ ಗೋಡೆ, ಅಂದರೆ ಪೂರ್ತಿ ತಾಯಿಯದ್ದೇ ದೇಹ. ಅಪ್ಪನ ಪಾಲು ಇರುವುದು ಒಳಗಿನ ಬೀಜದಲ್ಲಿ ಮಾತ್ರ. ಜೋಳದಲ್ಲಿ ನಾವು ನೋಡುವ ಬಣ್ಣ ಕಾಳಿನದ್ದು. ಕಾಳಿನ ಹಿಟ್ಟಿನ ಭಾಗಕ್ಕೆ ಅಪ್ಪನ ಜೀನೂ ಸೇರಿರುತ್ತದೆ, ಅದಕ್ಕೆ ಒಂದೇ ತೆನೆಯಲ್ಲಿ ಎರಡು ಬಣ್ಣದ ಕಾಳು ಕಾಣುವುದು. ಬದನೆ, ಮೆಣಸು, ಟೊಮೆಟೊ, ಸೌತೆ ಯಾವುದರಲ್ಲೂ ಈ ಸಲದ ಪರಾಗ ಈ ಸಲದ ಸಿಪ್ಪೆಗೆ ಬಣ್ಣ ಕೊಡದು.

ಮಲೆನಾಡ_ಮಜ್ಜಿಗೆ
ಇದು ಬಿಟಿ ಬದನೆಯ ಕಲಬೆರಕೆ ಇರಬಹುದಾ? ಗುಳ್ಳಕ್ಕೆ ಅದರದ್ದೇ ಭಯ ಇತ್ತಲ್ಲ.

ಧಾರವಾಡ_ಮಡಿ
ಬಿಟಿ ಜೀನಿಗೂ ಬಣ್ಣಕ್ಕೂ ಸಂಬಂಧ ಇಲ್ರಿ. ಅದು ಕಾಂಡ ಮತ್ತು ಕಾಯಿ ಕೊರೆಯೋ ಹುಳದ ಸಲುವಾಗಿ ಹಾಕಿದ್ದು, ನೇರಳೆ ಮಾಡಂಗಿಲ್ಲ. 2010ರ ಫೆಬ್ರುವರಿಯಾಗ ಕೇಂದ್ರ ಸರಕಾರ ಅದಕ್ಕ ತಡಿ ಹಾಕೇತಿ.

ನಿರ್ವಾಹಕ
ಬಿಟಿ ಚರ್ಚೆಗೆ ಬೇರೆ ಎಳೆ ತೆರೆಯಿರಿ. ಇಲ್ಲಿ ಸಿಪ್ಪೆಯ ಬಣ್ಣ ಮಾತ್ರ.

ಸಸ್ಯಲೋಕ
ತಳಿ_ಪಾಠ ಅವರು ಎರಡು ಪದರ ಎಂದು ಸರಳ ಮಾಡಿ ಹೇಳಿದ್ದು ಸರಿ, ಆದರೆ ‘ನೇರಳೆಯ ಜೀನ್’ ಒಂದೇ ಅಲ್ಲ. ಇಲ್ಲಿ ಸ್ವಲ್ಪ ಬಿಡಿಸಿ ಹೇಳಲೇಬೇಕು, ಇಲ್ಲದಿದ್ದರೆ ಮುಂದೆ ಯಾರಾದರೂ ಬಿಳಿಗೆ ಬಿಳಿ ಕೂಡಿಸಿ ನೇರಳೆ ಬಂತು ಎಂದು ಕಂಗಾಲಾಗುತ್ತಾರೆ.

ಆಂಥೋಸಯನಿನ್ ತಯಾರಾಗುವುದು ಒಂದರ ಹಿಂದೆ ಒಂದರಂತೆ ಹಲವು ಕಿಣ್ವಗಳಿಂದ. ನಡುವಿನ ಯಾವ ಕಿಣ್ವ ಕೆಟ್ಟರೂ ಕೊನೆಗೆ ಬಣ್ಣವಿಲ್ಲ. ಕೊನೆಯ ಹಂತಗಳಲ್ಲಿ ಒಂದಾದ ಆಂಥೋಸಯನಿಡಿನ್ ಸಿಂಥೇಸ್ ಕೆಟ್ಟಿರುವುದು ನೇರಳೆ ಇಲ್ಲದ ಎಷ್ಟೋ ತಳಿಗಳಲ್ಲಿ ಸಿಕ್ಕಿದೆ. ಇನ್ನು ಈ ಕಿಣ್ವಗಳ ಜೀನನ್ನು ಚಾಲೂ ಮಾಡುವುದು ಮೂರು ಪ್ರೋಟೀನುಗಳ ಒಂದು ಕೂಟ. ಅದರಲ್ಲಿ ಮಿಬ್ ಗುಂಪಿನದ್ದು 10ನೇ ವರ್ಣತಂತುವಿನ ಮೇಲಿದೆ, ಕಾಯಿಯ ನೇರಳೆಯ ಹೆಚ್ಚುಕಡಿಮೆಗೆ ಮುಖ್ಯವಾದದ್ದು ಅದು. 1968ರಷ್ಟು ಹಿಂದೆಯೇ, ಈ ಹೆಸರುಗಳೊಂದೂ ಇಲ್ಲದ ಕಾಲದಲ್ಲಿ, ಬರೀ ಗಿಡ ಕೂಡಿಸಿ ಎಣಿಸಿ ಡಿ, ಪಿ, ವೈ ಎಂಬ ಮೂರು ಜೀನುಗಳು ಒಂದಕ್ಕೊಂದು ಪೂರಕವಾಗಿ ಕೆಲಸ ಮಾಡುತ್ತವೆ ಎಂದು ಅಮೆರಿಕದ ತಳಿವಿಜ್ಞಾನಿಗಳು ತೋರಿಸಿದ್ದರು.

ಪೂರಕ ಎಂದರೆ ಹೀಗೆ. ಒಂದು ಬಿಳಿ ತಳಿಯಲ್ಲಿ ಕಿಣ್ವ ಕೆಟ್ಟಿದೆ, ಅದನ್ನು ಚಾಲೂ ಮಾಡುವ ಚಾಲಕ ಸರಿ ಇದೆ. ಇನ್ನೊಂದು ಬಿಳಿಯಲ್ಲಿ ಚಾಲಕ ಕೆಟ್ಟಿದೆ, ಕಿಣ್ವ ಸರಿ ಇದೆ. ಎರಡನ್ನೂ ಕೂಡಿಸಿದರೆ ಮಕ್ಕಳೆಲ್ಲಾ ನೇರಳೆ! ಮೊಮ್ಮಕ್ಕಳಲ್ಲಿ 16ಕ್ಕೆ 9 ನೇರಳೆ, 7 ಬಣ್ಣವಿಲ್ಲದವು.

ಹಸಿರಿನದ್ದೂ ಈಗ ಸ್ಪಷ್ಟ ಇದೆ. ಸಿಪ್ಪೆಯ ಸಮನಾದ ಹಸಿರಿಗೆ ಎಪಿಆರ್‌ಆರ್2 ಎಂಬ ಜೀನ್, 8ನೇ ವರ್ಣತಂತು. 2022ರಲ್ಲಿ ಪ್ರಕಟವಾಯಿತು. ತೊಟ್ಟಿನ ಕಡೆಯಿಂದ ಇಳಿಯುವ ಹಸಿರು ಬಲೆಯಂಥ ಗೆರೆಗೆ ಜಿಎಲ್‌ಕೆ2 ಎಂಬ ಬೇರೆ ಜೀನ್. ನನಗೆ ಬಹಳ ಸೊಗಸೆನಿಸುವ ಸಂಗತಿ ಏನೆಂದರೆ, ಎಳೆ ಸೌತೆಯ ಸಿಪ್ಪೆ ಹಸಿರೋ ಬಿಳಿಯೋ ಎಂದು ತೀರ್ಮಾನಿಸುವುದೂ, ಕರ್ಬೂಜ ಕಲ್ಲಂಗಡಿಗಳ ಸಿಪ್ಪೆಯ ಹಸಿರನ್ನು ಹೆಚ್ಚಿಸಿ ತಗ್ಗಿಸುವುದೂ ಇದೇ ಎಪಿಆರ್‌ಆರ್2. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಸಸ್ಯಕುಟುಂಬ, ಬಿಳಿಯಾದ ದಾರಿ ಮಾತ್ರ ಒಂದೇ.

ಬೀಜಬುಟ್ಟಿ
ಒಪ್ಪಿದೆ. ಆದರೆ ‘ಪ್ರಬಲ’ ಅಂದಾಕ್ಷಣ ಒಂದು ಪ್ರತಿ ಇದ್ದರೂ ಎರಡು ಪ್ರತಿಯಷ್ಟೇ ಬಣ್ಣ ಅಂತ ಹಿಡಿಯಬೇಡಿ. ನೇರಳೆ ಮತ್ತು ಬಿಳಿ ಕೂಡಿಸಿದರೆ ಎಷ್ಟೋ ಸಲ ಮಿಶ್ರದ ಬಣ್ಣ ಅಪ್ಪನಿಗಿಂತ ತೆಳು. ಅರ್ಧ ಪ್ರಬಲ ಎನ್ನಬೇಕು ಅದನ್ನು.

ತಳಿ_ಪಾಠ
ಹೌದು, ಆ ತಿದ್ದುಪಡಿ ಬೇಕಿತ್ತು. ಕುಂದಾಪುರದ ಮಿಶ್ರದಲ್ಲಿ ಅಡಿಯ ಹಸಿರು ಸೇರಿದ್ದಕ್ಕೆ ಕಪ್ಪಾಗಿದೆಯೇ ಹೊರತು ಆಂಥೋಸಯನಿನ್ ಅಪ್ಪನಿಗಿಂತ ಹೆಚ್ಚಿರಬೇಕೆಂದೇನಿಲ್ಲ.

ಪಾಲಿಹೌಸ್_ಕೋಲಾರ
ಎಳೆಗೆ ಸಂಬಂಧಪಟ್ಟದ್ದೇ ಇನ್ನೊಂದು. ಪಾಲಿಹೌಸ್ ಒಳಗೆ ಹಾಕಿದ ನೇರಳೆ ಬದನೆ ಮಾಸಲು ಕೆಂಪು ಬರುತ್ತದೆ. ಬೀಜ ಕೊಟ್ಟವರನ್ನು ಬೈಯುವ ಮುಂಚೆ ನೋಡಬೇಕಾದ್ದು ಮೇಲಿನ ಹಾಳೆ. ಅತಿನೇರಳೆ ಕಿರಣ ತಡೆಯುವ ಹಾಳೆ ಇದ್ದರೆ ಬೆಳಕು ಸಾಕಷ್ಟಿದ್ದರೂ ಬಣ್ಣ ಕೂರದು, ಬಣ್ಣದ ಚಾಲಕ ಜೀನಿಗೆ ನೀಲಿ ಮತ್ತು ಅತಿನೇರಳೆ ಬೆಳಕಿನ ಸೂಚನೆ ಬೇಕು. ಇನ್ನು 35 ಡಿಗ್ರಿ ದಾಟಿದ ಬಿಸಿಯಲ್ಲಿ ಅದೇ ಚಾಲಕ ಮಂಕಾಗುತ್ತದೆ. ಬೇಸಿಗೆಯ ಕಾಯಿ ಪೇಲವ ಆಗುವುದಕ್ಕೆ ಗೊಬ್ಬರ ಸುರಿದು ಪ್ರಯೋಜನವಿಲ್ಲ.

ಹೊಸಬ_ಶಿರಸಿ
ಆದರೆ ಕೆಲವು ತಳಿ ಎಲೆಯ ಮರೆಯಲ್ಲೂ ಚೆನ್ನಾಗಿ ಬಣ್ಣ ಬರ್ತದಲ್ಲ?

ಪಾಲಿಹೌಸ್_ಕೋಲಾರ
ಬರುತ್ತೆ. ಬೆಳಕು ಬೇಕಾದವು, ಬೇಡದವು ಎರಡು ಜಾತಿ. ತೊಟ್ಟಿನ ಟೋಪಿಯನ್ನು ಉಗುರಿನಿಂದ ಎಬ್ಬಿಸಿ ನೋಡಿ, ಒಂದು ನಿಮಿಷದ ಕೆಲಸ. ಟೋಪಿಯ ಅಡಿ ಬಿಳಿ ಅಥವಾ ಹಸಿರು ಇದ್ದರೆ ಬೆಳಕಿಲ್ಲದೆ ಬಣ್ಣ ಕೂರದ ತಳಿ. ಅಡಿಯೂ ನೇರಳೆ ಇದ್ದರೆ ಕತ್ತಲಲ್ಲೂ ಬಣ್ಣ ಮಾಡುವ ತಳಿ. ಇದೂ ವಂಶದಿಂದ ಬರುವ ಗುಣ. ಪಾಲಿಹೌಸಿಗೆ ಎರಡನೆಯದನ್ನೇ ಆರಿಸಬೇಕು.

ನಂಬಿಕೆ ಬರದಿದ್ದರೆ, ಕಾಯಿ ನಿಂಬೆ ಗಾತ್ರ ಇರುವಾಗ ನಡುವಿಗೆ ಎರಡು ಬೆರಳಗಲ ಕಪ್ಪು ಕಾಗದದ ಪಟ್ಟಿ, ಅದರ ಮೇಲೆ ಬಿಳಿ ಕಾಗದ ಸುತ್ತಿ ಸಡಿಲವಾಗಿ ಅಂಟಿಸಿ. ಎಂಟು ದಿನ ಬಿಟ್ಟು ಬಿಚ್ಚಿ. ಬೆಳಕು ಬೇಕಾದ ತಳಿಯಲ್ಲಿ ಹೊಸದಾಗಿ ಬೆಳೆದ ಸಿಪ್ಪೆ ಉಂಗುರದ ಹಾಗೆ ಪೇಲವ ಇರುತ್ತದೆ. ಬಿಚ್ಚಿದ ಎರಡು-ಮೂರು ದಿನದಲ್ಲಿ ಬಣ್ಣ ಏರುವುದೂ ಕಾಣುತ್ತದೆ. ಬರೀ ಕಪ್ಪು ಕಾಗದ ಬಿಸಿಲಿಗೆ ಕಾದು ಸಿಪ್ಪೆ ಸುಡುತ್ತದೆ, ಅದಕ್ಕೇ ಬಿಳಿ ಹೊದಿಕೆ. ಬಿಗಿಯಾಗಿ ಸುತ್ತಿದರೆ ಕಾಯಿಗೆ ಸೊಂಟ ಬಿದ್ದು ಬಿರಿಯುತ್ತದೆ.

ಮೈಸೂರಿನ_ಮಾಲಾ
ವಾಂಗಿಬಾತಿಗೆ ನಮಗೆ ಹಸಿರು ಉದ್ದ ಬದನೆಯೇ ಆಗಬೇಕು, ಎಣ್ಣೆಗಾಯಿಗೆ ಪುಟ್ಟ ನೇರಳೆ. ಅದಿರಲಿ, ಹೆಚ್ಚಿಟ್ಟ ಬದನೆ ಕಪ್ಪಾಗುವುದು ಈ ಸಿಪ್ಪೆಯ ಬಣ್ಣ ತಿರುಳಿಗೆ ಇಳಿದದ್ದರಿಂದಲೇ?

ಸಸ್ಯಲೋಕ
ಅಲ್ಲ ಮೇಡಂ, ಹಸಿರು, ಬಿಳಿ ಬದನೆಯ ತಿರುಳೂ ಕಪ್ಪಾಗುತ್ತದಲ್ಲ. ತಿರುಳಿನಲ್ಲಿ ಕ್ಲೋರೋಜೆನಿಕ್ ಆಮ್ಲ ಇದೆ. ಹೆಚ್ಚಿದಾಗ ಕೋಶ ಒಡೆದು ಕಿಣ್ವ, ಗಾಳಿ ಎರಡೂ ಸೇರಿ ಅದನ್ನು ಕಂದು ಮಾಡುತ್ತವೆ. ಕಬ್ಬಿಣದ ಈಳಿಗೆಯಲ್ಲಿ ಹೆಚ್ಚಿದರೆ ಇನ್ನೂ ಕಪ್ಪು, ಕಬ್ಬಿಣವೂ ಆ ಆಮ್ಲದ ಜೊತೆ ಸೇರಿ ಬಣ್ಣ ಕಟ್ಟುತ್ತದೆ. ಉಪ್ಪು ನೀರು, ಮಜ್ಜಿಗೆ ನೀರಿನಲ್ಲಿ ಹಾಕುವುದು ಸರಿಯಾದ ಕ್ರಮವೇ, ಗಾಳಿ ತಪ್ಪುತ್ತದೆ, ಮಜ್ಜಿಗೆಯ ಹುಳಿಗೆ ಕಿಣ್ವ ನಿಧಾನ ಆಗುತ್ತದೆ. ಎಣ್ಣೆಗಾಯಿಯಲ್ಲಿ ನೇರಳೆ ಉಳಿಯಬೇಕಾದರೆ ಮೊದಲು ಕಾದ ಎಣ್ಣೆಯಲ್ಲಿ ಸಿಪ್ಪೆ ಬಾಡಿಸಿ, ಆಮೇಲೆ ನೀರು. ಆಂಥೋಸಯನಿನ್ ನೀರಿಗೆ ಬಿಡುವ ಬಣ್ಣ, ಎಣ್ಣೆಗೆ ಬಿಡುವುದಿಲ್ಲ.

ಟೊಮೆಟೊ_ಮೇಷ್ಟ್ರು
ಸಿಪ್ಪೆ ಒಂದು, ಒಳಗಿನದು ಇನ್ನೊಂದು ಎಂಬುದಕ್ಕೆ ಟೊಮೆಟೊಗಿಂತ ಒಳ್ಳೆಯ ಪಾಠ ಇಲ್ಲ. ಕೆಂಪು ಟೊಮೆಟೊವನ್ನು ಕುದಿನೀರಿನಲ್ಲಿ ಅರ್ಧ ನಿಮಿಷ ಅದ್ದಿ ಸಿಪ್ಪೆ ಸುಲಿಯಿರಿ, ಬಿಳಿ ಕಾಗದದ ಮೇಲೆ ಹರಡಿ. ಸಿಪ್ಪೆ ಕೆಂಪಲ್ಲ, ಹಳದಿ! ಕೆಂಪು ಇರುವುದು ತಿರುಳಿನಲ್ಲಿ. ಗುಲಾಬಿ ಟೊಮೆಟೊದ ಸಿಪ್ಪೆ ಹೀಗೇ ಸುಲಿದರೆ ಬಣ್ಣವೇ ಇಲ್ಲ, ಗಾಜಿನಂತೆ. ಮಿಬ್12 ಎಂಬ ಒಂದು ಜೀನ್ ಕೆಲಸ ಮಾಡದಿದ್ದರೆ ಸಿಪ್ಪೆಯ ಹಳದಿ ಪದಾರ್ಥ ತಯಾರಾಗುವುದಿಲ್ಲ, ಅದೇ ಕೆಂಪು ತಿರುಳು ಹೊರಗಿನಿಂದ ಗುಲಾಬಿ ಕಾಣುತ್ತದೆ.

ಹೆಗಲು ಹಸಿರಿಲ್ಲದೆ ಒಂದೇ ಸಮ ಹಣ್ಣಾಗುವ ಟೊಮೆಟೊವನ್ನು ಮಾರುಕಟ್ಟೆಗಾಗಿ ದಶಕಗಟ್ಟಲೆ ಆರಿಸಿದರಲ್ಲ, ಅದೂ ಜಿಎಲ್‌ಕೆ2 ಕೆಟ್ಟಿರುವ ತಳಿ. 2012ರಲ್ಲಿ ಗೊತ್ತಾಯಿತು. ಕಾಯಿಯಲ್ಲೇ ಪತ್ರಹರಿತ್ತು ಕಡಿಮೆ, ಹಾಗಾಗಿ ಸಕ್ಕರೆಯೂ ಕಡಿಮೆ. ನೋಟಕ್ಕಾಗಿ ರುಚಿ ಕಳೆದುಕೊಂಡೆವು, ಅದು ನಿಜಕ್ಕೂ ಬೇಸರದ ವಿಷಯ. ಹಿತ್ತಲಿಗೆ ಹಾಕುವವರು ಹಸಿರು ಹೆಗಲಿನ ತಳಿಯನ್ನೇ ಹಾಕಿ.

ಈರುಳ್ಳಿ_ಮಂಡಿ
ಬಣ್ಣ ಬರೀ ನೋಟಕ್ಕಲ್ಲ ಅಂತ ಹೇಳಬೇಕು ಅನ್ನಿಸಿತು. ಬಿಳಿ ಈರುಳ್ಳಿಗೆ ಕುತ್ತಿಗೆಯ ಹತ್ತಿರ ಕಪ್ಪು ಮಸಿ ಚುಕ್ಕೆ ರೋಗ ಬರುತ್ತೆ, ಕೆಂಪು ಮತ್ತು ಹಳದಿ ಈರುಳ್ಳಿಗೆ ಅಷ್ಟು ಬರುವುದಿಲ್ಲ. ಬಣ್ಣದ ಒಣ ಸಿಪ್ಪೆಯಲ್ಲಿ ಕ್ಯಾಟೆಕಾಲ್, ಪ್ರೋಟೋಕ್ಯಾಟೆಚುಯಿಕ್ ಆಮ್ಲ ಅಂತ ಎರಡು ಪದಾರ್ಥ ಇವೆ, ನೀರು ಬಿದ್ದಾಗ ಕರಗಿ ಶಿಲೀಂಧ್ರದ ಬೀಜಕ ಮೊಳೆಯದಂತೆ ಮಾಡುತ್ತವೆ. ಬಿಳಿಯಲ್ಲಿ ಅವಿಲ್ಲ. ಅದಕ್ಕೇ ಬಿಳಿ ಬೆಳೆದವರು ಮಳೆ ಬೀಳುವ ಮೊದಲೇ ಕಿತ್ತು ನೆರಳಲ್ಲಿ ಒಣಗಿಸಬೇಕು, ಕೆಂಪಿನವರಿಗೆ ಅಷ್ಟು ಗಾಬರಿ ಇಲ್ಲ. ಕೆಂಪಿನ ಒಣಸಿಪ್ಪೆ ಪೂರ್ತಿ ಸುಲಿದು ಸಾಗಿಸಿದರೆ ಈ ರಕ್ಷಣೆ ಹೋಯಿತು.

ರಘು_ಹಿತ್ತಲು
ಸರಿ, ಬಣ್ಣ ಮಣ್ಣಿನದ್ದಲ್ಲ ಅಂತ ಒಪ್ಪಿದೆ. ಆದರೆ ಒಂದೇ ಗಿಡದಲ್ಲಿ ಒಂದು ಕೊಂಬೆ ಮಾತ್ರ ಬೇರೆ ಬಣ್ಣದ ಕಾಯಿ ಬಿಡುವುದು ಇದೆಯಲ್ಲ?

ತಳಿ_ಪಾಠ
ಇದೆ, ಅದು ಕೊಂಬೆಯ ಮೊಗ್ಗಿನ ಒಂದು ಕೋಶದಲ್ಲಿ ಆದ ರೂಪಾಂತರ. ಆಗ ಒಂದೇ ಕೊಂಬೆ ಬದಲಾಗುತ್ತದೆ. ಇವರಲ್ಲಿ ಇಡೀ ಗಿಡಗಳೇ ಬೇರೆ.

ಕುಂದಾಪುರ_ಕೈತೋಟ
ಟೋಪಿ ಎಬ್ಬಿಸಿ ನೋಡಿದೆ: ಅಡಿ ಬೆಳ್ಳಗೆ, ತಿಳಿ ಹಸಿರು ಛಾಯೆ. ಸಿಪ್ಪೆ ಕುದಿಸಿದೆ: ನೀರು ನೇರಳೆ, ಸಿಪ್ಪೆ ಒಳ್ಳೆ ಹಸಿರು. ಧಾರವಾಡದ ಅಣ್ಣ ಹೇಳಿದ ಹಾಗೇ ಆಯಿತು ಮಾರಾಯ್ರೆ. ಇನ್ನು ಮೂರನೇ ಪ್ರಶ್ನೆ. ಹಸಿರು ಗಿಡದ ಬೀಜ?

ಬೀಜಬುಟ್ಟಿ
ಇದನ್ನು ನಿಧಾನವಾಗಿ ಓದಿ, ಇಲ್ಲೇ ಎಲ್ಲರೂ ಎಡವುವುದು.

ಹಸಿರು ತಳಿ ಇಟ್ಟುಕೊಂಡವರಿಗೆ ಒಂದು ಅನುಕೂಲ ಇದೆ. ನೇರಳೆ ಪ್ರಬಲ, ಹಾಗಾಗಿ ನೇರಳೆ ಪರಾಗ ಬೆರೆತಿದ್ದರೆ ಮುಂದಿನ ಬಿತ್ತನೆಯಲ್ಲೇ ಕಣ್ಣಿಗೆ ಬೀಳುತ್ತದೆ. ಅಡಗಿ ಕೂರುವುದಿಲ್ಲ. ನಿಮ್ಮ 53 ಹಸಿರು ಗಿಡಗಳಲ್ಲಿ ಆ ಉದ್ದ ಬದನೆಯ ನೇರಳೆ ಇಲ್ಲ ಎಂದು ನಂಬಬಹುದು. ನೇರಳೆ ತಳಿ ಇಟ್ಟುಕೊಂಡವರಿಗೆ ಈ ಭಾಗ್ಯ ಇಲ್ಲ. ಹಸಿರು ಪರಾಗ ಬೆರೆತರೆ ಮುಂದಿನ ಸಲ ಎಲ್ಲಾ ನೇರಳೆಯಾಗಿಯೇ ಇರುತ್ತದೆ, ಅದರ ಮರುಸಲ ಹಸಿರು ಹೊರಬರುತ್ತದೆ. ಅಷ್ಟರಲ್ಲಿ ಬೀಜ ಹತ್ತು ಮನೆಗೆ ಹಂಚಿ ಆಗಿರುತ್ತದೆ. ಅನುಮಾನ ಇರುವ ನೇರಳೆ ಗಿಡದ ಹೂವನ್ನು ಚೀಲ ಕಟ್ಟಿ ಕಾಯಿ ಮಾಡಿಸಿ, ಆ ಬೀಜದಿಂದ 16 ಗಿಡ ಬೆಳೆಸಿ ನೋಡಬೇಕು. ಹದಿನಾರರಲ್ಲಿ ಒಂದೂ ಹಸಿರು ಬರದಿದ್ದರೆ ನೂರಕ್ಕೆ 99 ಪಾಲು ಅದು ಶುದ್ಧ. 11 ಗಿಡ ಆದರೆ ಸುಮಾರು 96.

ಆದರೆ ನಿಮ್ಮ ಹಸಿರು ಗಿಡದಲ್ಲಿ ಈಗ ಇರುವ ಕಾಯಿಗಳ ಬೀಜ ತೆಗೆಯಬೇಡಿ. ಗಿಡ ಶುದ್ಧ, ಬೀಜ ಶುದ್ಧ ಅಲ್ಲ. ಆ 7 ನೇರಳೆ ಗಿಡ ಹೂ ಬಿಟ್ಟಾಗಿದೆ, ಅವುಗಳ ಪರಾಗ ಹಸಿರು ಗಿಡಕ್ಕೆ ಬಿದ್ದಾಗಿದೆ. ಹೀಗೆ ಮಾಡಿ:

ಏಳೂ ಗಿಡ ಕಿತ್ತು ದೂರ ಹಾಕಿ. ಹಸಿರಿನಲ್ಲಿ ಆಕಾರ, ಗೀರು, ಮುಳ್ಳು ಸರಿಯಾಗಿರುವ 15-20 ಗಿಡ ಆರಿಸಿ. ಅವುಗಳಲ್ಲಿ ಬಿಟ್ಟಿರುವ ಹೂ, ಕಾಯಿ ಎಲ್ಲಾ ತೆಗೆದು ಅಡುಗೆಗೆ ಬಳಸಿ. ಆಮೇಲೆ ಮಾರನೇ ದಿನ ಅರಳುವಂಥ ಮೊಗ್ಗಿಗೆ ಸಂಜೆ ಸಣ್ಣ ತೆಳು ಬಟ್ಟೆಯ ಚೀಲ ಹಾಕಿ. ಉದ್ದ ಶಲಾಕೆಯ ಹೂವೇ ಆಗಬೇಕು. ಶಲಾಕೆ ಕೊಳವೆಯ ಒಳಗೇ ಉಳಿದ ಹೂ ಕಾಯಿ ಕಟ್ಟುವುದಿಲ್ಲ, ಉದುರುತ್ತದೆ. ಮೊಗ್ಗಿನಲ್ಲಿ ಗೊತ್ತಾಗದಿದ್ದರೆ ದಪ್ಪ ತೊಟ್ಟಿನ ಒಂಟಿ ಮೊಗ್ಗು ಅಥವಾ ಗೊಂಚಲಿನ ಬುಡದ ಮೊಗ್ಗು ಹಿಡಿಯಿರಿ. ಚೀಲದ ದಾರವನ್ನು ಹೂವಿನ ತೊಟ್ಟಿಗೆ ಕಟ್ಟದೆ ಕೊಂಬೆಗೆ ಸೇರಿಸಿ ಕಟ್ಟಿ. ಪ್ಲಾಸ್ಟಿಕ್ ಚೀಲ ಬೇಡ, ಒಳಗೆ ಬೆವರಿ ಹೂ ಕೊಳೆಯುತ್ತದೆ. ಹೂವು ಅರಳಿದ ಮೇಲೆ ಎರಡು-ಮೂರು ದಿನ ಬೆಳಿಗ್ಗೆ ಚೀಲದ ಮೇಲಿನಿಂದಲೇ ಬೆರಳಿನಲ್ಲಿ ನಾಲ್ಕು ಸಲ ತಟ್ಟಿ. ದುಂಬಿಯ ಕೆಲಸ ನೀವೇ ಮಾಡಬೇಕು, ಇದನ್ನು ಬಿಟ್ಟವರಿಗೇ ‘ಚೀಲ ಹಾಕಿದರೆ ಕಾಯಿ ಕಟ್ಟಲ್ಲ’ ಅನ್ನಿಸುವುದು. ಕಾಯಿ ಕಡಲೆ ಗಾತ್ರ ಆದ ಮೇಲೆ ಚೀಲ ತೆಗೆದು ತೊಟ್ಟಿಗೆ ಬಣ್ಣದ ದಾರ ಕಟ್ಟಿ. ದಾರ ಮರೆತರೆ ಅಷ್ಟೂ ಕೆಲಸ ವ್ಯರ್ಥ, ಮನೆಯವರು ಹುಳಿಗೆ ಕೊಯ್ದುಬಿಡುತ್ತಾರೆ.

ಗುಳ್ಳ ಹಳದಿಗೆ ತಿರುಗಿ ಪೂರ್ತಿ ಹಣ್ಣಾಗುವವರೆಗೆ ಬಿಡಬೇಕು. ಹಿಸುಕಿ, ನೀರಿನಲ್ಲಿ ತೊಳೆದು, ಮುಳುಗಿದ ಬೀಜ ಮಾತ್ರ ತೆಗೆದು ನೆರಳಲ್ಲಿ ಒಣಗಿಸಿ.

ಧಾರವಾಡ_ಮಡಿ
ಒಂದು ಮಾತು ಸೇರಸ್ತೀನ್ರಿ. ಪಕ್ಕದಾಗ ಇನ್ನೊಂದು ಹಸಿರು ತಳಿ, ಅರ್ಕಾ ಶಿರೀಷ್‌ನಂಥದ್ದು ಇದ್ರ ಬಣ್ಣ ನೋಡಿ ಮೋಸ ಹೋಗಬ್ಯಾಡ್ರಿ. ಹಸಿರಿಗೆ ಹಸಿರು ಬೆರೆತ್ರ ಬಣ್ಣ ಏನೂ ಹೇಳಂಗಿಲ್ಲ. ಆಕಾರ, ಮುಳ್ಳು ನೋಡೇ ಕೀಳಬೇಕು.

ಬೀಜಬುಟ್ಟಿ
ಸರಿಯಾದ ಮಾತು. ಹಾಗೇ, ನಿಮ್ಮ ತಳಿಯ ಸಸಿಯ ಕಾಂಡ ಪೂರ್ತಿ ಹಸಿರು ಇದ್ದರೆ ಸಸಿಮಡಿಯಲ್ಲೇ ಬೇರ್ಪಡಿಸಬಹುದು. ಬೀಜದೆಲೆಯ ಕೆಳಗಿನ ಕಾಂಡ ನೇರಳೆ ಇರುವ ಸಸಿ ಕಲಬೆರಕೆ, ನಾಟಿ ಮಾಡುವ ಮೊದಲೇ ಕಿತ್ತರೆ ಪರಾಗದ ಗೋಳೇ ಇಲ್ಲ. ಸಸಿಯೆಲ್ಲಾ ನೇರಳೆ ಕಾಂಡದ್ದೇ ಆಗಿದ್ದರೆ ಈ ಉಪಾಯ ನಡೆಯದು. ನೆರಳಿನಲ್ಲಿ ಬೆಳೆದ ಸಸಿಯಲ್ಲಿ ನೋಡಬೇಡಿ, ಬಿಸಿಲು ಬಿದ್ದರೇ ಕಾಂಡಕ್ಕೆ ಬಣ್ಣ ಏರುವುದು.

ಕುಂದಾಪುರ_ಕೈತೋಟ
ಆರು ಗಿಡ ಕೀಳುತ್ತೇನೆ. ಒಂದನ್ನು ಕುಂಡಕ್ಕೆ ಎತ್ತಿ ದೂರ ಇಡುವ ಆಸೆ. ಅದರ ಬೀಜದಿಂದ ತಿಳಿ ನೇರಳೆ ಬಣ್ಣದ ದುಂಡು ಗುಳ್ಳ, ಬಿಳಿ ಗುಳ್ಳ ಸಿಗಬಹುದಾ?

ತಳಿ_ಪಾಠ
ಬಣ್ಣ ಸಿಗುತ್ತದೆ. ಎರಡು ಜೀನುಗಳದ್ದೇ ವ್ಯತ್ಯಾಸ ಎಂದು ಹಿಡಿದರೆ ಚೀಲ ಕಟ್ಟಿ ತೆಗೆದ ಬೀಜದಲ್ಲಿ 16ಕ್ಕೆ 9 ಕಡು ನೇರಳೆ, 3 ತಿಳಿ ನೇರಳೆ, 3 ಹಸಿರು, 1 ಬಿಳಿ. ಬಿಳಿ ಒಂದಾದರೂ ಬರಬೇಕಾದರೆ 16 ಗಿಡ ಹಾಕಿ ಕೂರಬೇಡಿ, 47 ಹಾಕಿದರೆ ನೂರಕ್ಕೆ 95 ಪಾಲು ಸಿಗುತ್ತದೆ. ಬಿಳಿ ಸಿಕ್ಕಿದ್ದು ಬಣ್ಣದ ಮಟ್ಟಿಗೆ ಅಲ್ಲಿಂದಲೇ ಶುದ್ಧ. ತಿಳಿ ನೇರಳೆಯಲ್ಲಿ ಮೂರಕ್ಕೆ ಒಂದು ಮಾತ್ರ ಶುದ್ಧ, ಅದನ್ನು ಮೇಲೆ ಹೇಳಿದ 16 ಗಿಡದ ಪರೀಕ್ಷೆಯಲ್ಲೇ ಹುಡುಕಬೇಕು. ಕಡು ನೇರಳೆಯಲ್ಲಿ 9ಕ್ಕೆ ಒಂದು.

ಆಕಾರ ಬೇರೆ ವಿಷಯ. ದುಂಡು-ಉದ್ದಕ್ಕೆ ಹಲವು ಜೀನು ಸೇರುತ್ತವೆ, ಎರಡನೇ ತಲೆಮಾರಿನಲ್ಲಿ ಗುಳ್ಳದಷ್ಟೇ ದುಂಡಗಿನ ತಿಳಿ ನೇರಳೆ ಸಿಗುವುದು ಅಪರೂಪ. ದುಂಡಗಿನದಕ್ಕೆ ಹತ್ತಿರವಾದ ಗಿಡ ಆರಿಸಿ ಐದಾರು ತಲೆಮಾರು ಚೀಲ ಕಟ್ಟುತ್ತಾ ಹೋಗಬೇಕು. ಮತ್ತೆ, ಅದನ್ನು ಮಟ್ಟು ಗುಳ್ಳ ಎಂದು ಯಾರಿಗೂ ಕೊಡಬೇಡಿ, ಬೇರೆ ಹೆಸರಿಡಿ.

ಕುಂದಾಪುರ_ಕೈತೋಟ
ಖಂಡಿತ ಇಲ್ಲ. ಚೀಲ ಹೊಲಿಯಲು ಹಳೇ ಮಲ್‌ಮಲ್ ಪಂಚೆ ಸಾಕಾಗ್ತದಾ?

ಬೀಜಬುಟ್ಟಿ
ಧಾರಾಳ ಸಾಕು. ನಾಲ್ಕು ಬೆರಳಗಲ, ಆರು ಬೆರಳುದ್ದ. ಗಂಜಿ ಇದ್ದರೆ ಮೊದಲು ತೊಳೆದುಬಿಡಿ, ಇಲ್ಲದಿದ್ದರೆ ಇರುವೆ ಬರುತ್ತವೆ.